ಹೂಂಗುಟ್ಟುವ ಯಂತ್ರ

ಚಿರಂಜೀವಿ ಭಾವಮೈದನಿಗೆ, ನಿನ್ನ ಭಾವನ ಆಶೀರ್ವಾದಗಳು.

ನೀನು ಕೂರಿಸಿಹೋದ ಮಾತಾಡುವ ಯಂತ್ರ ಅಂಗಡಿಯಲ್ಲಿ ಗುಂಡಿ ಡಬ್ಬಿಯ ಪಕ್ಕದಲ್ಲೇ ಇದೆ. ನಿಮ್ಮಕ್ಕ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂರುತ್ತಿದ್ದ ಜಾಗ ಅದು. ಅವಳು ತೀರಿಕೊಂಡ ಮೇಲೂ ನಾನು ಹೊಲಿಗೆ ನಿಲ್ಲಿಸಿಲ್ಲ. ಊಟವೂ ಹೊತ್ತಿಗೆ ಸರಿಯಾಗಿ ಆಗುತ್ತಿದೆ.

ಹೊಲಿಯುತ್ತಾ ಕಥೆ ಹೇಳುವುದು ನನ್ನ ಹಳೆಯ ಚಟ. ಹೂಂಗುಟ್ಟುವವರಿಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲವೆಂದು ನೀನು ಯಂತ್ರಕ್ಕೆ ಅದನ್ನೇ ಕಲಿಸಿದೆ. ಚೆನ್ನಾಗಿ ಕಲಿತಿದೆ. ದುಃಖ ಬಂದಲ್ಲಿ ಮೆಲ್ಲಗೆ, ಕಳ್ಳ ಬಂದಲ್ಲಿ ಉಸಿರು ಬಿಗಿಹಿಡಿದು ಹೂಂ ಅನ್ನುತ್ತದೆ. "ಆಮೇಲೇನಾಯ್ತು ಭಾವ?" ಎಂದು ನಿನ್ನ ಹಾಗೆಯೇ ಕೇಳುತ್ತದೆ. ಒಳಗೆ ಯಾರೋ ನೆಂಟರು ಬಂದಿದ್ದಾರೆಂದು ಗಿರಾಕಿಗಳು ದನಿ ತಗ್ಗಿಸುತ್ತಾರೆ.

ಹೋದ ವಾರ ಒಂದು ಕೋಟು ಹೊಲಿಯುತ್ತಾ ರಾಜನ ಕಿರಿಮಗಳ ಕಥೆ ಹೇಳಿದೆ. ಮೊದಲಲ್ಲೇ ಅವಳು ಹಾವು ಕಚ್ಚಿ ಸತ್ತಿದ್ದಳು. ನನ್ನ ಗಮನ ಕೋಟಿನ ತೋಳಿನ ಮೇಲಿತ್ತು. ಕೊನೆಯಲ್ಲಿ ಅವಳಿಗೇ ಮದುವೆ ಮಾಡಿಸಿ, ಗಂಡನ ಜೊತೆ ಸುಖವಾಗಿ ಇರಿಸಿಬಿಟ್ಟೆ. "ಹೂಂ, ಒಳ್ಳೇದಾಯ್ತು ಭಾವ" ಅಂದಿತು ಯಂತ್ರ.

ನಿಮ್ಮಕ್ಕ ಇದ್ದಿದ್ದರೆ ಹಲ್ಲಿನಲ್ಲಿ ದಾರ ಕಡಿದು, "ನಿಲ್ಸಿ. ಸತ್ತೋಳಿಗೆ ಎಲ್ಲಿಂದ ಬಂತು ರೀ ಮದ್ವೆ? ಯಾರ ಕಿವಿಗೆ ಹೂವಿಡ್ತೀರಿ?" ಎನ್ನುತ್ತಿದ್ದಳು.

ಬಿಡುವಾದಾಗ ಬಂದು ಯಂತ್ರಕ್ಕೆ ಅಷ್ಟು ತಕರಾರು ಮಾಡುವುದನ್ನು ಕಲಿಸಿಕೊಡು. ಬರುವಾಗ ಕಪ್ಪು ದಾರದ ಉಂಡೆಯೊಂದನ್ನು ತಾ.

ಅಂದಿನಿಂದ ದಿನವೂ ಆ ಕಥೆಯನ್ನೇ ಹಾಗೆಯೇ ಹೇಳುತ್ತಿದ್ದೇನೆ. ತಡೆಯುವವರು ಯಾರೂ ಇಲ್ಲ.

ಇಂತಿ,
ನಿನ್ನ ಭಾವ