ಪರೀಕ್ಷೆಗೆ ಹೋದ ಬಾಟಲಿ

ಅಣ್ಣಾ,

ಹನ್ನೊಂದು ವರ್ಷದ ಹಿಂದೆ, ಬೇಸಿಗೆ ರಜೆ ಮುಗಿಯುವ ವಾರದಲ್ಲಿ, ನಿಮ್ಮ ಉಕ್ಕಿನ ಕಾರ್ಖಾನೆಯ ಹದಿನಾಲ್ಕು ಲಾರಿ ಕೆಸರು ಶಾಲೆಯ ಆಟದ ಬಯಲಿಗೆ ಬಿತ್ತು. ಅದರಲ್ಲಿ ಸೀಸವಿತ್ತು. ಇಲ್ಲವೆಂದ ಕಾಗದಕ್ಕೆ ಸಹಿ ಹಾಕಿದವನು ನೀನು.

ನಾಲ್ಕು ದಿನದಿಂದ ಈ ಪತ್ರ ಬರೆದು ಬರೆದು ಹರಿಯುತ್ತಿದ್ದೇನೆ. ಕೂತರೆ ಎದ್ದುಬಿಡೋಣ ಅನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಬೆಳಗಿನಿಂದ ಕಿಟಕಿಯ ಅಂಚನ್ನು ಮೂರು ಸಲ ಒರೆಸಿದೆ. ಅಮ್ಮನೂ ಹೀಗೇ ಒರೆಸುತ್ತಿದ್ದಳು. ಕಾರ್ಖಾನೆಯ ಕುಲುಮೆಯ ಧೂಳು ಒಣಹಾಕಿದ ಬಟ್ಟೆಯನ್ನೂ ಬಿಡುತ್ತಿರಲಿಲ್ಲ. “ಈ ಧೂಳಿಗೊಂದು ಗತಿ ಕಾಣಿಸ್ತೀನಮ್ಮ” ಎಂದು ನೀನು ಅಂದಿದ್ದೆ. ಅದರಿಂದ ಸತು ತೆಗೆಯುವ ಕೆಲಸ ಹೂಡಿ ಕಾಣಿಸಿದೆ ಕೂಡ. ಅದನ್ನು ನಾನು ಮರೆತಿಲ್ಲ.

ಕಾರ್ಖಾನೆಯ ನಿನ್ನ ಪ್ರಯೋಗಾಲಯದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಾನು ಸೇರಿದ ಮೊದಲ ದಿನ ನೆನಪಿದೆಯೆ? ನೀನು ಗಾಜಿನ ಪಾತ್ರೆಗೆ ಆ ಧೂಳು ಸುರಿದು, ಆಸಿಡ್ ಹೊಯ್ದು, ಕಲಕಿ, ಸೋಸಿ ತೋರಿಸಿದೆ. “ನೋಡೇ ಪೆದ್ದಿ, ಸತುವೆಲ್ಲ ನೀರಿಗಿಳೀತು. ಸೀಸ ಮಾತ್ರ ಕೆಸರಲ್ಲೇ ಕೂತಿದೆ. ಥೇಟ್ ನಿನ್ನ ಗಂಡ, ಊಟ ಆದ್ಮೇಲೆ ಜಾಗ ಬಿಟ್ಟು ಏಳಲ್ಲ!” ಮನೆಗೆ ಬಂದು ಹೇಳಿದರೆ ಇವರು, “ನಿಮ್ಮಣ್ಣನ್ನೂ ಒಂದ್ಸಲ ಆಸಿಡ್‌ನಲ್ಲಿ ಅದ್ದಿ ನೋಡು, ಏನು ಉಳಿಯತ್ತೆ ಅಂತ” ಅಂದಿದ್ದರು. ಆಗ ನಕ್ಕಿದ್ದೆವು.

ದಿನಾ ಬೆಳಿಗ್ಗೆ ನಾವು ಪರೀಕ್ಷಿಸುತ್ತಿದ್ದದ್ದು ಸೋಸಿದ ಸತುವಿನ ನೀರನ್ನು ಮಾತ್ರ. ಬೆಲೆ ಇದ್ದದ್ದು ಅದಕ್ಕೆ ತಾನೆ? ಕೆಸರನ್ನು ಯಾರೂ ಕೇಳುತ್ತಿರಲಿಲ್ಲ. ಬಯಲು ತಗ್ಗಾಗಿದೆ, ತುಂಬಲು ಏನಾದರೂ ಕೊಡಿ ಎಂದು ಶಾಲೆಯ ಹೆಡ್‌ಮೇಡಂ ಬಂದ ದಿನ, ನೀನು ಅಂದಿನ ನೀರಿನ ಫಲಿತಾಂಶವನ್ನೇ ಎತ್ತಿ “ಕೆಸರಿನಲ್ಲಿ ಸೀಸವಿಲ್ಲ” ಎಂದು ಬರೆಸಿದೆ. ಸೀಸ ನೀರಿಗೆ ಬರುವುದೇ ಇಲ್ಲವೆಂದು ನನಗೆ ಕಲಿಸಿದವನು ನೀನೇ! ಬಾಟಲಿಗೆ “ಸೋಸಿದ ನೀರು” ಎಂದು ಚೀಟಿ ಅಂಟಿಸಿದವಳು ನಾನು. “ಇದು ಕೆಸರಿನದಲ್ಲವಲ್ಲ?” ಎಂದು ನಾನು ಕೇಳಿದೆ. “ಲಾರಿ ಕಾಯ್ತಿದೆ, ಆಮೇಲೆ ಕೆಸರನ್ನೂ ನೋಡೋಣ” ಅಂದೆ ನೀನು. ನಾನು ಸುಮ್ಮನಾದೆ. ಆ ಆಮೇಲೆ ಇನ್ನೂ ಬಂದಿಲ್ಲ. ಅದು ಅವಸರವೋ, ಬೇಕೆಂದೇ ಮಾಡಿದ್ದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ನನ್ನ ಮೌನಕ್ಕೆ ಮಾತ್ರ ಹೆಸರು ಹುಡುಕಬೇಕಾಗಿಲ್ಲ.

ಹೋದ ವಾರ ಡಾಕ್ಟರಮ್ಮ ಶಾಲೆಯ ಏಳು ಮಕ್ಕಳ ರಕ್ತದಲ್ಲಿ ಸೀಸ ಕಂಡಿದ್ದಾರೆ. ಒಬ್ಬಳು ನನ್ನ ಮೊಮ್ಮಗಳು, ನಿನ್ನನ್ನು “ಆಸಿಡ್ ತಾತ” ಅನ್ನುವವಳು. ಆ ಬಯಲಲ್ಲಿ ಬಿದ್ದು, ಎದ್ದು, ಅದೇ ಕೈಯಲ್ಲಿ ತಿಂಡಿ ತಿನ್ನುವವಳು. ನಿನ್ನೆ ಮಗ್ಗಿ ಒಪ್ಪಿಸುತ್ತಾ ನಡುವೆ ನಿಂತಳು. ಮೊದಲಾಗಿದ್ದರೆ ಮರೆತಳು ಅಂದುಕೊಳ್ಳುತ್ತಿದ್ದೆ. ಈಗ, ಸೀಸ ಮಕ್ಕಳ ನೆನಪಿಗೇ ಪೆಟ್ಟು ಕೊಡುತ್ತದೆಂದ ಡಾಕ್ಟರಮ್ಮನ ಮಾತು ನೆನೆದು ಅವಳ ಮುಖವನ್ನೇ ನೋಡುತ್ತಾ ಕೂತೆ.

ಸೋಮವಾರ ಹೊಸ ಕೊಠಡಿಗಳಿಗೆಂದು ಅದೇ ಬಯಲನ್ನು ಅಗೆಯುತ್ತಾರೆ. ಒಣಗಿದ ಕೆಸರು ಮತ್ತೆ ಧೂಳಾಗಿ ಮಕ್ಕಳ ಮೂಗಿಗೆ ಹೋಗುತ್ತದೆ. ತಡೆಯಿರಿ ಅಂದರೆ ಕಾರ್ಖಾನೆಯವರು ನಿನ್ನ ಹಳೆಯ ಕಾಗದ ತೋರಿಸುತ್ತಾರೆ. ಫೋನು ಮಾಡಿದರೆ ನೀನು, “ಹಳೇದನ್ನೆಲ್ಲ ಯಾಕೆ ಕೆದಕ್ತೀಯೇ?” ಅನ್ನುತ್ತೀ. ಕೆದಕುತ್ತಿರುವವಳು ನಾನಲ್ಲ ಅಣ್ಣಾ, ಸೋಮವಾರ ಬರುವ ಯಂತ್ರ.

ಪರೀಕ್ಷೆಗೆ ಹೋದ ಪ್ರತಿ ಬಾಟಲಿಯ ಚೀಟಿಯನ್ನೂ ಬರೆದಿಟ್ಟ ಆ ವರ್ಷದ ಪುಸ್ತಕ ನನ್ನ ಹತ್ತಿರ ಇದೆ. ಶನಿವಾರದ ಪೋಷಕರ ಸಭೆಗೆ ತರುತ್ತೇನೆ. ನಾನು ಸುಮ್ಮನಿದ್ದದ್ದನ್ನೂ ಅಲ್ಲಿ ನಾನೇ ಹೇಳುತ್ತೇನೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ನೂರು ಕಾಲ ಬಾಳು. ನನಗೆ ಉತ್ತರ ಬರೆಯಬೇಡ. ಶನಿವಾರ ಬಂದು ಆ ಏಳು ಮಕ್ಕಳ ತಾಯಂದಿರ ಎದುರು ನಿಂತು ಹೇಳು: ಅಂದು ಪರೀಕ್ಷೆಗೆ ಹೋದದ್ದು ನೀರೋ, ಕೆಸರೋ?

ಕಾಯುತ್ತಿರುವ,
ನಿನ್ನ ಪೆದ್ದಿ ತಂಗಿ