ಕೊಹಿನೂರ್ ಆಪಾ ಕೊಟ್ಟ ಜಾಕೆಟ್

ಹಾಸ್ಟೆಲ್, ಢಾಕಾ
೨೪ ನವೆಂಬರ್ ೧೯೮೫

ಪ್ರೀತಿಯ ಅಬ್ಬು,

ಸಲಾಂ. ವಾಷಿಂಗ್ಟನ್ನಿನಿಂದ ನೀವು ಬರೆದ ಮೂರು ಕಾಗದಕ್ಕೂ ಇದೊಂದೇ ಉತ್ತರ, ಬೈಯಬೇಡಿ. ಮೊದಲ ಟ್ಯುಟೋರಿಯಲ್ ಪರೀಕ್ಷೆಯ ಟೆನ್ಷನ್ನಿಗೆ ಪೆನ್ನು ಹಿಡಿದರೆ ಕೈ ಬೆವರುತ್ತಿತ್ತು. ಪಾಸಾದೆ, ಅಷ್ಟೇ. ಇಲ್ಲಿಯ ಬೇಳೆಸಾರಿನಲ್ಲಿ ಬೇಳೆಯನ್ನು ಈಗಲೂ ಹುಡುಕಬೇಕು.

ಸರ್ಕಾರದ ಪರವಾಗಿ ನೀವು ಕೂತ ಮಾತುಕತೆಯ ಸುದ್ದಿ ಗುರುವಾರ ರೇಡಿಯೋದಲ್ಲಿ ಕೇಳಿದೆ. ಅಮೆರಿಕದವರು ನಮ್ಮಿಂದ ತರಿಸಿಕೊಳ್ಳುವ ಶರ್ಟಿನ ಮಿತಿ ಸಡಿಲಿಸಿದರಂತೆ, ಬದಲಿಗೆ ಜಾಕೆಟ್ಟಿನ ಮಿತಿ ಬಿಗಿಯಾಯಿತಂತೆ. ರೂಮಿನ ಹುಡುಗಿಯರು, ‘ನಿಮ್ಮಪ್ಪ ಗೆದ್ದುಬಿಟ್ರು ಕಣೇ, ಚಹಾ ಕೊಡಿಸು’ ಎಂದು ಗಂಟುಬಿದ್ದರು. ಕೊಡಿಸಿದೆ.

ಮರುದಿನ ಕೊಹಿನೂರ್ ಆಪಾ ಬಂದಳು. ನಮ್ಮ ಅಡುಗೆಮನೆ ಬಿಟ್ಟು ಗಾರ್ಮೆಂಟ್ಸಿಗೆ ಸೇರಿದ ಮೇಲೆ ಅವಳ ನಡಿಗೆಯೇ ಬೇರೆ, ಟಿಫಿನ್ ಡಬ್ಬಿ ಬೀಸಿಕೊಂಡು ನಡೆಯುತ್ತಾಳೆ. ಕೂತವಳೇ ನನ್ನ ಜಡೆ ಬಿಚ್ಚಿದಳು.

‘ಏನೇ ಟುನಿ, ತಲೆಯಾ ಇದು, ಕಾಗೆಗೂಡಾ? ಖಾಲು ಹೆಂಗವ್ರೆ? ಸರಿಯಾಗಿ ಉಣ್ತಾರಂತಾ?’

‘ಅಬ್ಬು ಚೆನ್ನಾಗಿದಾರೆ. ನಿನ್ನ ಕೆಲಸ?’

‘ನಮ್ಮ ಜಾಕೆಟ್ ಹೊಲಿಯೋ ಲೈನು ಈ ತಿಂಗಳಿಗೆ ಬಂದ್. ನಲವತ್ತು ಜನ ಮನೆಗೆ, ನಾನೂ ಸೇರಿ. ಶರ್ಟಿನ ಕಡೆ ಜಾಗ ಇಲ್ವಂತೆ.’

ನಾನು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡೆ.

‘ಅಳ್ತೀಯೇನೇ ಪೆದ್ದಿ? ಖಾಲು ಅಲ್ಲಿ ಕೂತಿದ್ದಕ್ಕೆ ಶರ್ಟಾದ್ರೂ ಉಳೀತು. ದೊಡ್ಡೋರ ಪಂಚಾಯ್ತಿ, ಯಾರದ್ದಾದ್ರೂ ಒಂದು ಹೋಗ್ಲೇಬೇಕಲ್ಲ.’

ಆಮೇಲೆ ಚೀಲದಿಂದ ಒಂದು ಜಾಕೆಟ್ ತೆಗೆದಳು. ಒಂದು ತೋಳು ಅರ್ಧ ಅಂಗುಲ ಗಿಡ್ಡವೆಂದು ಪಕ್ಕಕ್ಕೆ ಹಾಕಿದ್ದ ಮಾಲು. ‘ಖಾಲೂಗೆ ಕಳಿಸು. ಆ ಊರಲ್ಲಿ ಚಳಿಯಂತೆ. ಜೇಬು ನಾನೇ ಹೊಲಿದಿದ್ದು, ಎರಡೆರಡು ಹೊಲಿಗೆ.’

ನಿಮ್ಮ ಕಚೇರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಕಿಕೊಳ್ಳಿ. ಕೆಮ್ಮು ಹಚ್ಚಿಕೊಳ್ಳಬೇಡಿ. ಪ್ರತಿ ನಮಾಜಿನಲ್ಲೂ ನಿಮ್ಮನ್ನು ನೆನೆಯುತ್ತೇನೆ, ಅಲ್ಲಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಟುನಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ತಡವಾದದ್ದು ಟ್ಯುಟೋರಿಯಲ್ಲಿನಿಂದ ಮಾತ್ರವೂ ಅಲ್ಲ. ನೀವು ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ, ‘ಶರ್ಟು, ಜಾಕೆಟ್ಟು, ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಾದ್ರೆ ಯಾವುದನ್ನ ಬಿಡಲಿ, ಟುನಿ?’ ಎಂದು ಕೇಳಿದಿರಿ. ನಾನು ಮೀನಿನ ಮುಳ್ಳು ಬಿಡಿಸುತ್ತಾ, ‘ಜಾಕೆಟ್ ಬಿಡಿ ಅಬ್ಬು, ಈ ಸೆಕೇಲಿ ಅದನ್ನ ಯಾರು ಹಾಕ್ತಾರೆ?’ ಅಂದೆ. ನೀವು ನಕ್ಕಿರಿ, ಎಡಗೈಯಲ್ಲಿ ಡೈರಿ ತೆರೆದು ಏನನ್ನೋ ಗೀಚಿಕೊಂಡಿರಿ. ಆಪಾಗೆ ಇದನ್ನು ಹೇಳಿಲ್ಲ. ಅಬ್ಬು, ಅವತ್ತು ಏನು ಬರೆದುಕೊಂಡಿರಿ?