ಕುರ್ಚಿ ಇದ್ದ ಮೂಲೆ

ಫೆಬ್ರವರಿ ೩, ಬೆಳಿಗ್ಗೆ

ಓದುತ್ತಿರುವವಳು ಯಾರೆಂದು ಗೊತ್ತು, ಮೊಮ್ಮಗಳೇ. ಗಂಜಿಪುಡಿ ಡಬ್ಬಿಯ ಹಿಂದೆ ಇಟ್ಟ ಪುಸ್ತಕ ತಾನಾಗಿ ಎದ್ದು ಮುಂದೆ ಬರುವುದಿಲ್ಲ. ಮುದುಕಿ ಬರೆದದ್ದನ್ನು ಕದ್ದು ಓದಲು ನಾಚಿಕೆಯಾಗಬೇಕು. ಓದಲೇಬೇಕೆಂದಿದ್ದರೆ ಕೈ ಒರೆಸಿಕೊಂಡು ಓದು. ಹೋದ ಸಲ ಹಾಳೆ ಮೇಲೆ ಎಣ್ಣೆ ಬೆರಳು. ಕಾಗುಣಿತ ತಿದ್ದಬೇಡ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ನನ್ನ ತಪ್ಪು ನನಗಿರಲಿ.

ನಮ್ಮ ಲಾಂಡ್ರಿಗೆ ಹೋಟೆಲಿನ ಬೆಡ್‌ಶೀಟು ಬಂತು. ಮಗ ಎಡಗೈಯಲ್ಲೇ ಮಡಚಿದ. ಬಲಗೈ ಹೋದ ವರ್ಷ ಇಸ್ತ್ರಿಯ ಪ್ರೆಸ್ ಮಷೀನಿಗೆ ಸಿಕ್ಕಿದ್ದು. ಎರಡು ಬೆರಳು ಇನ್ನೂ ಬಗ್ಗುವುದಿಲ್ಲ. ವಾರಕ್ಕೊಮ್ಮೆ ಆಸ್ಪತ್ರೆ. ಕೆಲಸದಲ್ಲಿ ಗಾಯವಾದವರಿಗೆ ಸರ್ಕಾರದ ಚಿಕಿತ್ಸೆ ಇದೆಯಲ್ಲ, ಅದು. ಬಿಡದೆ ಬಂದರೆ ಬೆರಳು ಬಗ್ಗುತ್ತದೆ ಎನ್ನುತ್ತಾರೆ ಡಾಕ್ಟರು. ಅಲ್ಲಿಯವರೆಗೆ ಅಂಗಿ ಗುಂಡಿ ನಾನೇ ಹಾಕಬೇಕು. ಮಗಳು ಬೆಳೆದು ನಿಂತಿರುವ ಗಂಡಸು… ಗುಂಡಿ ಹಾಕುವಾಗ ಗೋಡೆ ನೋಡುತ್ತಾನೆ.

ನಾಳೆ ನಮ್ಮ ಲಾಂಡ್ರಿಯಲ್ಲೇ ಪಾರ್ಟಿ ಮೀಟಿಂಗು. ವಾರ್ಡಿನಲ್ಲಿ ಇಷ್ಟು ದೊಡ್ಡ ಕೋಣೆ ಇನ್ನೊಂದಿಲ್ಲವಂತೆ. ದೇಶದ ಅಧ್ಯಕ್ಷಗಿರಿಗೆ ಪಾರ್ಟಿಯಿಂದ ಯಾರು ನಿಲ್ಲಬೇಕು ಎಂದು ಆರಿಸುವುದು. ರಾಜ್ಯಕ್ಕೊಂದು ರೀತಿ. ಕೆಲವು ಕಡೆ ಓಟು ಹಾಕುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಕೋಣೆಯ ಒಂದೊಂದು ಮೂಲೆ, ಬೇಕಾದವರ ಮೂಲೆಗೆ ಹೋಗಿ ನಿಂತರೆ ತಲೆ ಎಣಿಸುತ್ತಾರೆ. ಸ್ಕೂಲಿನಲ್ಲಿ ಮೇಷ್ಟ್ರು ಮೂಲೆಗೆ ನಿಲ್ಲಿಸಿದರೆ ಅದು ಶಿಕ್ಷೆಯಾಗಿತ್ತು.

ಫೆಬ್ರವರಿ ೪, ಸಂಜೆ

ನೆಲದ ತುಂಬ ಕೆಸರು. ಒಬ್ಬರಾದರೂ ಕಾಲು ಒರೆಸಿ ಬರಲಿಲ್ಲ.

ಅಧ್ಯಕ್ಷಗಿರಿಗೆ ನಿಂತವರಲ್ಲಿ ನಮ್ಮ ವಾರ್ಡಿನಲ್ಲಿ ಜನ ಇರುವುದು ಇಬ್ಬರಿಗೆ. ಒಬ್ಬ ಗಡಿಯಾರ. ಬಾಯಿ ತೆರೆಯುವ ಮೊದಲು ಮುಂಗೈ ಎತ್ತಿ ವಾಚು ತೋರಿಸುತ್ತಾನೆ, ಅದಕ್ಕೆ ಆ ಹೆಸರು ನಾನಿಟ್ಟದ್ದು. ಗಾಯದವರ ಚಿಕಿತ್ಸೆ ದಂಡ, ಗೆದ್ದು ಬಂದ ಕೂಡಲೇ ನಿಲ್ಲಿಸುತ್ತೇನೆ ಎಂದು ಟಿವಿಯಲ್ಲಿ ಹೇಳಿದ. ಇನ್ನೊಬ್ಬಳು ಟೀಚರಮ್ಮ. ನಿಲ್ಲಿಸಲು ಬಿಡುವುದಿಲ್ಲ ಎಂದವಳು. ಅವಳ ಪರವಾಗಿ ಇಲ್ಲಿ ಓಡಾಡುವುದು ನನ್ನ ಮೊಮ್ಮಗಳು.

ಬಟ್ಟೆಗೆ ಕಟ್ಟುವ ಟ್ಯಾಗನ್ನೇ ಎಲ್ಲರ ಕೊರಳಿಗೆ ಹಾಕಿದರು. ಬಾಗಿಲ ಕಡೆ ಗಡಿಯಾರ, ಬಾಯ್ಲರ್ ಕಡೆ ಟೀಚರಮ್ಮ. ಹದಿನೈದು ಜನ ಇಲ್ಲದ ಮೂಲೆಗೆ ಬೆಲೆ ಇಲ್ಲವಂತೆ. ಎಣಿಸಿದವನು ಬೇಕರಿಯವನು. ಬಾಯ್ಲರ್ ಕಡೆ ಒಬ್ಬರು ಕಡಿಮೆ. ನನ್ನ ಕಡೆ ತಿರುಗಿದ.

“ಅಜ್ಜಿ, ನೀವು ಯಾವ ಕಡೆ?”

“ಮಂಡಿ ಹೇಳಿದ ಕಡೆ. ಬೆನ್ನಿರೋ ಕುರ್ಚಿ ಇದೊಂದೇ, ಕೂತಿದೀನಿ.”

“ಕುರ್ಚಿ ಟೀಚರಮ್ಮನ ಮೂಲೇಲಿದೆ. ಹಾಗಂತ ಸೇರಿಸ್ಕೊಳ್ಳಲಾ?”

“ಸೇರಿಸ್ಕೊಳ್ಳಿ ಅಂಕಲ್, ಅವರು ಏಳಲ್ಲ,” ಅಂದಳು ಮೊಮ್ಮಗಳು.

“ಏಳಲ್ಲ ಅನ್ನೋಕೆ ನೀನ್ಯಾರೇ?”

ಅಂದೆ. ಆದರೆ ಏಳಲಿಲ್ಲ. ಪಕ್ಕದಲ್ಲಿ ಮಗ ಬಗ್ಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಏಳುವುದು ಹೇಗೆ?

ನಮ್ಮ ಮೂಲೆ ಉಳಿಯಿತು. ನಮ್ಮ ಪರವಾಗಿ ಮುಂದೆ ಹೋಗಲು ಮೊಮ್ಮಗಳನ್ನೇ ಆರಿಸಿದರು. ಡೆಲಿಗೇಟು ಎನ್ನುತ್ತಾರೆ. ಸ್ಟೂಲು ಹತ್ತಿ ಹೇಳಿದಳು: “ಈ ಮೂಲೇಲಿ ನಿಂತವರ ಮಾತನ್ನ ನಾನು ಮಾರ್ಕೊಳ್ಳಲ್ಲ.” ಮಗ ಎಡಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದ. ನನಗೂ ಸ್ವಲ್ಪ… ಹೋಗಲಿ. ನೆಲ ಒರೆಸಬೇಕು.

ಮೇ ೧೯

ವಾರ್ಡಿನಿಂದ ಜಿಲ್ಲೆ ಮೀಟಿಂಗು, ಜಿಲ್ಲೆಯಿಂದ ರಾಜ್ಯದ್ದು. ಎರಡರಲ್ಲೂ ಮೊಮ್ಮಗಳು ಆರಿಸಿ ಬಂದಳು. ಇನ್ನು ಇಡೀ ದೇಶದ ಪಾರ್ಟಿಯ ದೊಡ್ಡ ಸಭೆ. ನೀರನ್ನು ಕೊಡದಿಂದ ಚೆಂಬಿಗೆ, ಚೆಂಬಿನಿಂದ ಲೋಟಕ್ಕೆ ಸುರಿದ ಹಾಗೆ. ಕುಡಿಯುವ ಹೊತ್ತಿಗೆ ಎಷ್ಟು ಉಳಿದಿರುತ್ತದೋ.

ಕೊರಳಲ್ಲಿ ಬ್ಯಾಡ್ಜು. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಸಾರಿಗೆ ಬಿತ್ತು. ಒಳ್ಳೆಯದಾಯಿತು.

ಜುಲೈ ೨೨

ಥೂ.

ಟಿವಿಯಲ್ಲಿ ಸಭೆ ನೋಡಿದೆವು. ಬಲೂನು, ಟೋಪಿ, ಬ್ಯಾಂಡು. ಮೊದಲ ಎಣಿಕೆಯಲ್ಲಿ ಗಡಿಯಾರನಿಗೂ ಅರ್ಧಕ್ಕಿಂತ ಹೆಚ್ಚು ಸಿಗಲಿಲ್ಲ. ಟೀಚರಮ್ಮ ಅವನ ಜೊತೆ ಒಳಗೆ ಹೋಗಿ ಬಂದಳು. ಬಂದು ಅವನ ಪಕ್ಕ ನಿಂತು ಕೈ ಎತ್ತಿ ಹಿಡಿದಳು. ಅವನು ಅಧ್ಯಕ್ಷಗಿರಿಗೆ, ಇವಳು ಉಪಾಧ್ಯಕ್ಷಗಿರಿಗೆ ನಿಲ್ಲುವುದಂತೆ. ನನ್ನ ಡೆಲಿಗೇಟುಗಳು ಇನ್ನು ಅವರಿಗೇ ಹಾಕಲಿ ಎಂದಳು. ಚಿಕಿತ್ಸೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ನಮ್ಮ ರಾಜ್ಯದ ಸಾಲು ತೋರಿಸಿದರು. ಎಲ್ಲರೂ ಎದ್ದು ಗಡಿಯಾರನಿಗೆ ಕೈ ಎತ್ತಿದರು. ಮೂರನೆಯವಳು ನನ್ನ ಮೊಮ್ಮಗಳು. ನಗುತ್ತಿದ್ದಳು.

ಮಗ ಎದ್ದು ಟಿವಿ ಆರಿಸಿದ. ನಾನು ಬೈದದ್ದು ಬರೆಯುವಂಥದ್ದಲ್ಲ.

ಜುಲೈ ೨೬

ಬಂದಳು. ನನಗೊಂದು ಸಭೆಯ ಚೀಲ ತಂದಿದ್ದಳು. ಕೊಳೆ ಸಾಕ್ಸಿಗೆ ಇಟ್ಟುಕೊಂಡೆ.

“ಅಜ್ಜಿ, ಗೆಲ್ಲೋರ ಒಳಗಿದ್ರೆ ಚಿಕಿತ್ಸೆ ಉಳಿಸಿ ಅಂತ ಮುಂದೆ ಕೇಳಬಹುದು. ಹೊರಗಿದ್ರೆ ಯಾರ ಕಿವಿಗೆ ಬೀಳತ್ತೆ?”

“ಒಳಗೆ ಹೋಗಿ ಏನು ಕೇಳಿದೆ? ಟೋಪಿ ಕೇಳಿದ್ಯಾ?”

“ಟೀಚರಮ್ಮನೇ ಹೇಳಿದ್ರು…”

“ನಾನು ಕೂತಿದ್ದು ಟೀಚರಮ್ಮನ ಮುಖ ನೋಡಿ ಅಲ್ಲ ಕಣೇ. ನಿಮ್ಮಪ್ಪನ ಕೈ ನೋಡಿ.”

ಅವಳಪ್ಪ, “ಬಿಡಮ್ಮ, ಮಗು ದಣಿದು ಬಂದಿದೆ,” ಅಂದ. ಅವನು ಬಿಟ್ಟಾನು. ಬಣ್ಣ ಬಿಡುವ ಬಟ್ಟೆಯನ್ನು ನಾವು ಬಿಳಿ ಬಟ್ಟೆ ಜೊತೆ ನೆನೆಸುವುದಿಲ್ಲ. ಇಷ್ಟು ವರ್ಷ ಲಾಂಡ್ರಿಯಲ್ಲಿದ್ದು ಮನೆಯೊಳಗೆ ಗುರುತು ಹಿಡಿಯಲಿಲ್ಲ.

ನವೆಂಬರ್ ೯

ಬಹಳ ದಿನ ಬರೆಯಲಿಲ್ಲ. ಡಬ್ಬಿಯೂ ಕದಲಿಲ್ಲ. ಜುಲೈಯಿಂದ ಕದ್ದು ಓದುವವಳು ಓದುತ್ತಿಲ್ಲ. ಅಷ್ಟಾದರೂ ನಾಚಿಕೆ ಉಳಿದಿದೆ.

ಗಡಿಯಾರ ಗೆದ್ದ. ದೇಶದಲ್ಲಿ ಹೆಚ್ಚು ಜನ ಓಟು ಹಾಕಿದ್ದು ಎದುರು ಪಾರ್ಟಿಯವನಿಗೆ. ಆದರೂ ಗೆದ್ದದ್ದು ಇವನು. ಹೇಗೆ ಎಂದು ಬೇಕರಿಯವನನ್ನು ಕೇಳಿದೆ.

“ಅಜ್ಜಿ, ನಿಮ್ಮ ಓಟು ನೇರ ಅಧ್ಯಕ್ಷನಿಗೆ ಹೋಗಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟರುಗಳು, ನಮ್ಮ ಪರವಾಗಿ ಅಧ್ಯಕ್ಷನ್ನ ಆರಿಸೋರು. ರಾಜ್ಯದಲ್ಲಿ ಒಂದೇ ಓಟು ಜಾಸ್ತಿ ಬಂದ್ರೂ ಅಷ್ಟೂ ಎಲೆಕ್ಟರು ಅವನ ಪಾರ್ಟಿಗೇ. ಅವರು ಡಿಸೆಂಬರಿನಲ್ಲಿ ಕೂತು ಬರೆದ ಹೆಸರೇ ಅಧ್ಯಕ್ಷ.”

“ಸೋತವರ ಓಟು?”

“ಆ ರಾಜ್ಯದ ಮಟ್ಟಿಗೆ ಮುಗೀತು.”

“ಮತ್ತೆ ನನ್ನನ್ಯಾಕೆ ಸಾಲಲ್ಲಿ ನಿಲ್ಲಿಸಿದ್ರಿ?”

ನಕ್ಕ. ಬನ್ನು ಕಟ್ಟುತ್ತ ಅಂದ: “ನಮ್ಮ ರಾಜ್ಯದಲ್ಲಿ ಅವನೇ ಗೆದ್ದಿದ್ದು, ನಿಮ್ಮ ಹುಡುಗೀನೂ ಎಲೆಕ್ಟರು. ಸಭೇಲಿ ಹೇಳಿದಂತೆ ಕೇಳಿದ್ಲಲ್ಲ, ಪಾರ್ಟಿ ಮರೆತಿಲ್ಲ.”

ಬನ್ನು ಅಲ್ಲೇ ಬಿಟ್ಟು ಬಂದೆ.

ನವೆಂಬರ್ ೨೪

ಮಗನ ತೋರುಬೆರಳು ಬಗ್ಗಿತು. ಪೂರ್ತಿ ಅಲ್ಲ, ಒಂದು ಗುಂಡಿ ಹಿಡಿಯುವಷ್ಟು. ಬೆಳಿಗ್ಗೆ ತಾನೇ ಹಾಕಿಕೊಂಡ, ಮೇಲಿನದೊಂದು. ನನ್ನ ಕಡೆ ತಿರುಗಿ ತೋರಿಸಿದ. ಮಧ್ಯಾಹ್ನ ಡಾಕ್ಟರು ಅವನಿಗೆ ಹೇಳಿದರಂತೆ: ಹೊಸ ಸರ್ಕಾರ ಬಂದ ಮೇಲೆ ಈ ಚಿಕಿತ್ಸೆ ಇರುತ್ತದೆ ಎಂದು ನಾನು ಹೇಳಲಾರೆ.

ನವೆಂಬರ್ ೨೭, ಮಧ್ಯಾಹ್ನ

ನನ್ನ ಇಸ್ತ್ರಿ ಟೇಬಲ್ಲಿನ ಮೇಲೆ ಒಂದು ಕೋಟು. ಕಪ್ಪು, ಹೊಸದು. ಟ್ಯಾಗಿನಲ್ಲಿ ಮೊಮ್ಮಗಳ ಅಕ್ಷರ: ಡಿಸೆಂಬರಿಗೆ ಬೇಕು. ಎಲೆಕ್ಟರುಗಳು ಕೂರುವ ದಿನಕ್ಕೆ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲ, ಗಿರಾಕಿಯ ಹಾಗೆ ಇಟ್ಟು ಹೋಗಿದ್ದಾಳೆ.

ಈಗ ನಿನಗೇ ಬರೆಯುತ್ತೇನೆ. ಪುಸ್ತಕವನ್ನು ಇನ್ನು ಡಬ್ಬಿಯ ಹಿಂದೆ ಇಡುವುದಿಲ್ಲ, ಕೋಟಿನ ಜೇಬಿಗೆ ಹಾಕುತ್ತೇನೆ. ಕದಿಯುವ ಕೆಲಸವಿಲ್ಲ.

ಗಡಿಯಾರನ ಹೆಸರು ಬಿಟ್ಟು ಬೇರೆ ಹೆಸರು ಬರಿ ಎನ್ನುವುದಿಲ್ಲ. ಅವನಿಗೇ ಅಂತ ಓಟು ಹಾಕಿದ ಜನರಿಗೆ ಅದು ಮೋಸ. ಒಂದು ಸಲ ಮಾಡಿದ್ದು ಸಾಕು. ಅವನ ಹೆಸರು ಬರಿ ಎಂದೂ ನನ್ನ ಬಾಯಲ್ಲಿ ಬರುವುದಿಲ್ಲ. ಎಲೆಕ್ಟರು ಜಾಗ ಬಿಡು. ನಿನ್ನ ಬದಲು ಇನ್ನೊಬ್ಬರು ಕೂತು ಬರೆಯುತ್ತಾರಂತೆ, ಬೇಕರಿಯವನು ಹೇಳಿದ. ಗಡಿಯಾರ ಅಧ್ಯಕ್ಷ ಆಗೇ ಆಗುತ್ತಾನೆ. ಆಗಲಿ. ನಿಮ್ಮಪ್ಪನ ಚಿಕಿತ್ಸೆಗೆ ಹಾಕುವ ಬೀಗಕ್ಕೆ ನಿನ್ನ ಕೈ ಬೇಡ. ಬಂದು ನಮ್ಮ ಜೊತೆ ಬೆಡ್‌ಶೀಟು ಮಡಚು. ನಾನು ಬೈಯುತ್ತೇನೆ, ಬೈಸಿಕೋ.

ಹೋಗುತ್ತೀಯೋ ಬಿಡುತ್ತೀಯೋ, ಇದರ ಕೆಳಗೆ ಬರಿ. ನಿನ್ನ ಕೈಯಾರೆ. ಡಿಸೆಂಬರ್ ಹುಟ್ಟುವ ಮೊದಲು. ಅಲ್ಲಿಯವರೆಗೆ ಈ ಕೋಟಿಗೆ ನಾನು ಇಸ್ತ್ರಿ ಹಾಕುವುದಿಲ್ಲ.